ಮುಚ್ಚಳ ಎಷ್ಟು ಎತ್ತಬೇಕು?

ಮೊನ್ನೆ ಕತ್ತರಿ ಹುಡುಕುತ್ತಿದ್ದೆ. ನಮ್ಮ ಮನೆಯಲ್ಲಿ ಕತ್ತರಿ ಎಂಬುದು ಬೇಕಾದಾಗ ಒಂದು ಬಿಟ್ಟು ಉಳಿದೆಲ್ಲ ಹೊತ್ತಿನಲ್ಲೂ ಕಣ್ಣೆದುರೇ ಇರುವ ಪದಾರ್ಥ. ಮೇಜಿನ ಕೆಳಗಿನ ಖಾನೆ ಎಳೆದು ಹಳೇ ಚಾರ್ಜರು, ಮುರಿದ ಕನ್ನಡಕ, ಯಾವುದೋ ಮದುವೆಯ ಕರೆಯೋಲೆ ಎಲ್ಲವನ್ನೂ ಹೊರಗೆ ಸುರಿದೆ. ಕತ್ತರಿ ಸಿಗಲಿಲ್ಲ. ಒಂದು ಕಾಗದ ಸಿಕ್ಕಿತು. ಅದರ ಮೂಲೆಯಲ್ಲಿ ಒಂದು ಹೆಬ್ಬೆರಳಿನ ಗುರುತು, ಮುಟ್ಟಿದರೆ ಗರಿಗರಿ. ಮಸಿಯಲ್ಲ ಸ್ವಾಮೀ, ಒಣಗಿದ ದೋಸೆ ಹಿಟ್ಟು.

ಅದು ಸುನಂದಕ್ಕನ ಹೆಬ್ಬೆರಳು. ನಾನು ಅವರಿಗಾಗಿ ಬರೆದುಕೊಟ್ಟ ಎಂಟನೇ ಲೋಗೋ ಅದು. 'ಬೇಡ' ಎನ್ನುವುದಕ್ಕೆ ಅವರು ಹಾಕಿದ ಮೊಹರು ಈ ಹಿಟ್ಟು.

ನನ್ನ ಕಸುಬು ನಿಮಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ಕಂಪನಿಗಳಿಗೆ ಗುರುತಿನ ಚಿತ್ರ ಬರೆದುಕೊಡುವುದು. ಇಪ್ಪತ್ತೇಳು ವರ್ಷ ಅಂಧೇರಿಯ ಒಂದು ಜಾಹೀರಾತು ಕಂಪನಿಯಲ್ಲಿ ಇದೇ ಕೆಲಸ ಮಾಡಿದೆ. ಆಮೇಲೆ ಒಂದು ದಿನ, ನನ್ನ ಮಗನ ವಯಸ್ಸಿನ ಸಾಹೇಬನೊಬ್ಬ ಕರೆದು ಕಾಫಿ ತರಿಸಿ, "ಮೂರ್ತಿ ಸರ್, ಆಪ್ ಕೀ ಆಂಖ್ ಥೋಡೀ ಪುರಾನೀ ಹೋ ಗಯೀ ಹೈ" ಅಂದ. ಕಣ್ಣು ಹಳತಾಯಿತಂತೆ! ಕನ್ನಡಕದ ನಂಬರಿನ ಮಾತು ಅಂತ ನಾನು ಮೊದಲು ತಿಳಿದೆ. ಅವನು ಹೇಳಿದ್ದು ನೌಕರಿಯ ಮಾತು.

ಹೀಗೆ ಐವತ್ತಮೂರನೇ ವಯಸ್ಸಿಗೆ ವಡಾಲದ ಮನೆಯಲ್ಲಿ, ಡೈನಿಂಗ್ ಟೇಬಲ್ಲಿನ ಒಂದು ತುದಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತೆ. ಇನ್ನೊಂದು ತುದಿಯಲ್ಲಿ ಮಂಜುಳಾ, ಅಂದರೆ ನನ್ನ ಹೆಂಡತಿ, ತನ್ನ ಶಾಲೆಯ ಮಕ್ಕಳ ಪೇಪರು ತಿದ್ದುತ್ತಿದ್ದಳು. ಎಂಟು ತಿಂಗಳು ಯಾರೂ ಬರಲಿಲ್ಲ. ಮಂಜುಳಾಳ ಅಣ್ಣ, ನಮ್ಮ ಭಾವ, ಒಳ್ಳೆಯ ಮನುಷ್ಯ. ಪರೇಲಿನ ಒಂದು ದೊಡ್ಡ ಆಫೀಸಿನಲ್ಲಿ ಅವರಿಗೆ ಬೇಕಾದವರಿದ್ದರು. ಕಾಗದ, ಪೆನ್ನು, ಫೈಲು ಇವುಗಳ ಉಗ್ರಾಣ ನೋಡಿಕೊಳ್ಳುವ ಕೆಲಸ ಗೊತ್ತುಮಾಡಿ, "ನೋಡಿ ಭಾವ, ಜೂನ್ ಕೊನೆ ತನಕ ಅವರು ಕಾಯ್ತಾರೆ. ಯೋಚ್ನೆ ಮಾಡಿ ಹೇಳಿ" ಅಂದಿದ್ದರು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ತಿಳಿಸ್ತೀನಿ" ಅಂದೆ. ಪೆನ್ಸಿಲು ಹಿಡಿದು ಬದುಕಿದವನು ಇನ್ನು ಪೆನ್ಸಿಲು ಎಣಿಸಿ ಕೊಡುವುದೇ? ಆದರೂ ಕಪ್ಪು ಪ್ಯಾಂಟನ್ನು ಇಸ್ತ್ರಿಗೆ ಕೊಟ್ಟು ತರಿಸಿ ಬೀರುವಿನಲ್ಲಿ ತೂಗುಹಾಕಿದ್ದೆ. ಮನುಷ್ಯ ಎಂಥ ಪುಕ್ಕಲ ನೋಡಿ.

ಅಂಥ ಹೊತ್ತಿನಲ್ಲಿ ಸುನಂದಕ್ಕನ ಮಗಳು ಪ್ರತೀಕ್ಷಾ, ಅಮ್ಮನ ಕಂಪನಿಗೆ ಲೋಗೋ ಬೇಕು ಅಂತ ಫೋನ್ ಮಾಡಿದಳು. ಸುನಂದಕ್ಕ ಉಡುಪಿ ಕಡೆಯವರು. ಮದುವೆಯಾಗಿ ಮುಂಬೈಗೆ ಬಂದವರು ಅಕ್ಕಪಕ್ಕದ ಬಿಲ್ಡಿಂಗಿನವರಿಗೆ ದೋಸೆ ಹಿಟ್ಟು ರುಬ್ಬಿಕೊಡುತ್ತ, ಈಗ ಅಂಧೇರಿ ಪೂರ್ವದಲ್ಲಿ ಒಂದು ಗಾಲಾ, ಅಂದರೆ ಸಣ್ಣ ಕಾರ್ಖಾನೆಯ ಮಳಿಗೆ, ಹಿಡಿದು, ಹತ್ತು ಹೆಂಗಸರನ್ನು ಇಟ್ಟುಕೊಂಡು, ಪ್ಯಾಕೆಟ್ಟಿನಲ್ಲಿ ಹಿಟ್ಟು ಮಾರುವ ಕಂಪನಿಯನ್ನೇ ಮಾಡಿದ್ದರು. ಕಂಪನಿಯ ಹೆಸರು ಬರೆಯುವುದಿಲ್ಲ, ಜಾಹೀರಾತು ಮಾಡುತ್ತಿದ್ದಾನೆ ಅಂದುಬಿಡುತ್ತೀರಿ. ಅವರ ತಾಪತ್ರಯ ಇದು: ಅಂಗಡಿಯ ಫ್ರಿಜ್ಜಿನಲ್ಲಿ ನಾಲ್ಕು ಕಂಪನಿಯ ಹಿಟ್ಟು ಇರುತ್ತದೆ. ನಾಲ್ಕಕ್ಕೂ ಹಸಿರು ಬಾಳೆಎಲೆಯ ಚಿತ್ರ. ಮನೆಗೆಲಸದ ಹೆಂಗಸರು ಬಂದು ಯಾವುದೋ ಒಂದನ್ನು ಎತ್ತಿಕೊಂಡು ಹೋಗುತ್ತಾರೆ. ಹಿಟ್ಟು ಹುಳಿ ಬಂದರೆ ಬೈಗುಳ ಮಾತ್ರ ಸರಿಯಾಗಿ ಸುನಂದಕ್ಕನಿಗೇ ತಲುಪುತ್ತದೆ.

"ಓದ್ಲಿಕ್ಕೆ ಬರದವ್ರು ಸಹ ಕೇಳಿ ತಕ್ಕೊಳ್ಬೇಕು. ಅಷ್ಟೇ ನಂಗೆ ಬೇಕಾದ್ದು," ಅಂದರು ಸುನಂದಕ್ಕ, ಮೊದಲ ದಿನ.

ನಾನು ಏನು ಕಡಿಮೆ? "ಸುನಂದಕ್ಕ, ನೀವು ಸರಿಯಾದ ಮನುಷ್ಯನ ಹತ್ರಾನೇ ಬಂದಿದೀರ. ನಮ್ಮಮ್ಮ ರುಬ್ಬೋ ಕಲ್ಲಲ್ಲಿ ರುಬ್ತಿದ್ರೆ ಎದುರಿಗೆ ಕೂತು ಹಿಟ್ಟು ತಳ್ತಿದ್ದೋನು ನಾನು" ಅಂತ ಕೊಚ್ಚಿಕೊಂಡೆ.

ಕೊಚ್ಚಿಕೊಂಡದ್ದು ಸುಳ್ಳಲ್ಲ. ಅಪ್ಪನಿಗೆ ಮೈಸೂರಿನಿಂದ ಮುಂಬೈಗೆ ವರ್ಗವಾದಾಗ ಅಮ್ಮ ಒಂದೇ ಹಟ ಹಿಡಿದಿದ್ದಳು, ಕಲ್ಲು ಬಿಟ್ಟು ಬರುವುದಿಲ್ಲ ಅಂತ. ಅದು ರೈಲಿನಲ್ಲಿ ಗೋಣಿ ಸುತ್ತಿಕೊಂಡು ಬಂದು ನಮ್ಮ ಮೂರನೇ ಮಹಡಿಯ ಅಡುಗೆಮನೆ ಸೇರಿತು. ಬೆಳಿಗ್ಗೆ ಅಮ್ಮ ರುಬ್ಬಲು ಕೂತರೆ ಎರಡನೇ ಮಹಡಿಯ ಮರಾಠಿ ಮಾವಶಿ ಪೊರಕೆಯ ಹಿಡಿಯಿಂದ ತಮ್ಮ ಮನೆಯ ಸೂರು ಕುಟ್ಟುತ್ತಿದ್ದರು. ಅಮ್ಮ ಕಲ್ಲಿನ ಕೆಳಗೆ ಹಳೇ ಗೋಣಿ ಹಾಸಿದಳು. ಆದರೂ ಕುಟ್ಟುವುದು ನಿಲ್ಲಲಿಲ್ಲ. ಕೊನೆಗೆ ಒಂದು ಭಾನುವಾರ ಅಮ್ಮ ಒಂದು ತಟ್ಟೆ ಬಿಸಿ ಇಡ್ಲಿ, ಚಟ್ನಿ ಕೆಳಗೆ ಕಳಿಸಿದಳು. ಮರುವಾರ ನಾವು ರುಬ್ಬುವುದು ತಡವಾದರೆ ಮಾವಶಿ ಮೇಲೆ ಬಂದು, "ಆಜ್ ಆವಾಜ್ ನಾಹೀ?", ಇವತ್ತು ಸದ್ದೇ ಇಲ್ಲವಲ್ಲ, ಅಂತ ವಿಚಾರಿಸತೊಡಗಿದರು. ಅಮ್ಮ ಗುಂಡುಕಲ್ಲು ತಿರುಗಿಸುವಾಗ ಅಂಚಿಗೆ ಬಂದ ಹಿಟ್ಟನ್ನು ಗುಳಿಗೆ ತಳ್ಳುವುದು ನನ್ನ ಪಾಲಿನ ಕೆಲಸ. "ಬೆರಳು ಜೋಕೆ ಕಣೋ" ಅಂತ ಅಮ್ಮ ಪ್ರತಿ ಸುತ್ತಿಗೂ ಹೇಳುತ್ತಿದ್ದಳು. ನಾನು ಪ್ರತಿ ಹತ್ತು ಸುತ್ತಿಗೊಮ್ಮೆ ಬೆರಳು ನೆಕ್ಕಿ ತಲೆಯ ಮೇಲೆ ಮೊಟಕಿಸಿಕೊಳ್ಳುತ್ತಿದ್ದೆ.

ಎಲ್ಲಿದ್ದೆ? ಹಾಂ, ಸುನಂದಕ್ಕ. ಅವರ ಕೆಲಸದ ರೀತಿಯೇ ಬೇರೆ. ಚಿತ್ರ ತೋರಿಸಿದ ದಿನ ಅವರು ತುಟಿ ಪಿಟಕ್ಕೆನ್ನುವುದಿಲ್ಲ. ಗಾಲಾದಲ್ಲಿ ಹಿಟ್ಟು ಹುದುಗಲು ಇಡುವ ಪಾತ್ರೆಗಳ ಮೇಲಿನ ಗೋಡೆಗೆ ಅಂಟಿಸಿ ಮನೆಗೆ ಹೋಗುತ್ತಾರೆ. ಬೆಳಿಗ್ಗೆ ಬಂದು ಮೊದಲು ಹಿಟ್ಟು ನೋಡುತ್ತಾರೆ, ಆಮೇಲೆ ಚಿತ್ರ ನೋಡುತ್ತಾರೆ. ನಾನು ಮೊದಲ ಸಲ ಅವಸರ ಮಾಡಿ, "ಹೇಗನ್ನಿಸ್ತು ಹೇಳಿ" ಅಂದಾಗ ನನ್ನನ್ನೇ ವಿಚಿತ್ರವಾಗಿ ನೋಡಿದರು.

"ಎಂಥ ಮಾರಾಯ್ರೆ, ಹಿಟ್ಟು ಕಡೆದ ಕೂಡ್ಲೇ ಯಾರಾದ್ರೂ ದೋಸೆ ಎರೀತಾರಾ? ಒಂದು ರಾತ್ರಿ ಕೂತ್ಕೊಳ್ಲಿ. ನಾಳೆ ಅದೇ ಹೇಳ್ತದೆ."

ಮಾರನೇ ದಿನ ಏಳೂವರೆಗೆ ನನ್ನ ಫೋನಿಗೆ ಧ್ವನಿಯ ಮೆಸೇಜು ಬಂತು. ಪೀಠಿಕೆ ಮಗಳದ್ದು: "ಅಂಕಲ್, ಗುಡ್ ಮಾರ್ನಿಂಗ್. ಸಾರಿ ಹಾಂ. ಮಮ್ಮಿಗೆ ಪಸಂದ್ ಆಗ್ಲಿಲ್ಲ. ಮತ್ಲಬ್, ಥೋಡಾ ಜಾಸ್ತಿ ಉಂಟು ಅಂತೆ." ಹಿಂದಿನಿಂದ ಸುನಂದಕ್ಕನ ಗಂಟಲು: "ಇಲ್ಲಿ ಕೊಡು ಫೋನು. ನಮಸ್ಕಾರ. ದೋಸೆ ಹಿಟ್ಟಿಗೆ ಎಷ್ಟು ಸಾಮಾನು? ಅಕ್ಕಿ, ಉದ್ದು, ಉಪ್ಪು, ಚೂರು ಮೆಂತೆ. ನಿಮ್ಮ ಚಿತ್ರದಲ್ಲಿ ನಾನು ಲೆಕ್ಕ ಮಾಡಿದೆ, ಏಳುಂಟು. ತೆಂಗಿನ ಮರ ಯಾಕೆ? ಸೂರ್ಯ ಯಾಕೆ? ತೆಗೀರಿ."

ತೆಗೆದೆ. ಎರಡನೆಯದಕ್ಕೆ "ನೀರು ಜಾಸ್ತಿ ಆಯ್ತು" ಅಂದರು. ಮೂರನೆಯದಕ್ಕೆ "ಇದು ನುಣ್ಣಗೆ ಕಡೆದದ್ದು ಹೆಚ್ಚಾಯ್ತು, ಸ್ವಲ್ಪ ತರಿ ಬೇಕು" ಅಂದರು. ಇಪ್ಪತ್ತೇಳು ವರ್ಷ 'ಇನ್ನಷ್ಟು ಎನರ್ಜಿ ಬೇಕು', 'ಲೋಗೋ ದೊಡ್ಡದು ಮಾಡಿ' ಎಂಬ ಸೂಟುಬೂಟಿನ ಉಪದೇಶಗಳನ್ನು ಕೇಳಿದವನಿಗೆ ಈ ಅಡುಗೆಮನೆಯ ಭಾಷೆ ಮೊದಲು ನಗು ತರಿಸಿತು. ಆಮೇಲೆ ಕೂತು ಚಿತ್ರ ನೋಡಿದರೆ, ಅಯ್ಯೋ ರಾಮ, ಹೌದು, ನೀರು ಜಾಸ್ತಿಯೇ ಆಗಿದೆ!

ನಾಲ್ಕನೆಯದು ನನ್ನ ಬ್ರಹ್ಮಾಸ್ತ್ರ. ಕಲ್ಲು. ಅಮ್ಮನ ಕಲ್ಲನ್ನೇ ನೆನೆಸಿಕೊಂಡು, ನಾಲ್ಕೇ ಗೆರೆಯಲ್ಲಿ, ಚಂದವಾಗಿ ಬರೆದು ನಾನೇ ಹಾರ್ಬರ್ ಲೈನಿನ ಲೋಕಲ್ ಹತ್ತಿ ಅಂಧೇರಿಗೆ ಒಯ್ದು ಗೋಡೆಗೆ ಅಂಟಿಸಿ ಬಂದೆ. ಬೆಳಿಗ್ಗೆ ಧ್ವನಿ ಬರಲಿಲ್ಲ, ನೇರ ಫೋನೇ ಬಂತು.

"ಮಾರಾಯ್ರೆ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮ್ಮ ಅಮ್ಮ ಇದ್ರಲ್ಲಿ ದೋಸೆಗೆ ಕಡೀತಿದ್ರಾ?"

"ಹೌದಲ್ಲ! ಯಾಕೆ?"

"ಇದು ಬೀಸುವ ಕಲ್ಲಲ್ವಾ? ಒಂದರ ಮೇಲೆ ಒಂದು ಚಪ್ಪಟೆ ಕಲ್ಲು, ಮೇಲೆ ಮರದ ಗೂಟ. ಇದ್ರಲ್ಲಿ ನೆನೆಸಿದ ಉದ್ದು ಹಾಕಿದ್ರೆ ಕಲ್ಲೂ ಹೋಯ್ತು, ಉದ್ದೂ ಹೋಯ್ತು. ಇಲ್ಲಿ ನಮ್ಮ ಹೆಂಗಸ್ರೆಲ್ಲ ನೋಡಿ ನೆಗಾಡ್ತಿದ್ದಾರೆ."

ನಿಜಕ್ಕೂ ಹಿಂದಿನಿಂದ ನಗು ಕೇಳುತ್ತಿತ್ತು. ನಾನು ಇಂಗು ತಿಂದ ಮಂಗನ ಹಾಗೆ ಫೋನು ಹಿಡಿದು ನಿಂತೆ. ಒಣ ಹಿಟ್ಟು ಬೀಸುವ ಕಲ್ಲನ್ನು ಬರೆದು ಅದನ್ನು ಅಮ್ಮನ ರುಬ್ಬುಗಲ್ಲು ಅಂದುಕೊಂಡಿದ್ದೆ. ಕಂಪ್ಯೂಟರಿನಲ್ಲಿ ಕಲ್ಲು ಅಂತ ಹುಡುಕಿದಾಗ ಮೊದಲು ಬಂದ ಪಟ ಎಲ್ಲೋ ಮನಸ್ಸಿನಲ್ಲಿ ಕೂತು, ಅಮ್ಮನ ಕಲ್ಲನ್ನು ಮೆಲ್ಲಗೆ ಆಚೆ ದಬ್ಬಿಬಿಟ್ಟಿತ್ತು. ಆ ಹೊತ್ತಿಗೆ ನಾಚಿಕೆಗಿಂತ ಹೆಚ್ಚು ಭಯವಾಯಿತು. ಹುಡುಗ ಸಾಹೇಬ ಹೇಳಿದ್ದು ನಿಜವೇ ಇರಬೇಕು, ಹೆತ್ತ ತಾಯಿ ದಿನಾ ಕೂತ ಕಲ್ಲು ಕಾಣದ ಕಣ್ಣು ಇನ್ನೇನು ಕಣ್ಣು ಅನ್ನಿಸಿತು.

"ನೀವೊಮ್ಮೆ ಇಲ್ಲಿ ಬನ್ನಿ," ಅಂದರು ಸುನಂದಕ್ಕ. ಹೋದೆ. ಗಾಲಾದಲ್ಲಿ ದೊಡ್ಡ ಗ್ರೈಂಡರುಗಳು ತಿರುಗುತ್ತಿದ್ದವು. ನನ್ನ ಕೈ ತೊಳೆಸಿದರು. ಆಮೇಲೆ ಉದ್ದು, ಅಕ್ಕಿ ಎರಡನ್ನೂ ಸುರಿದ ಅಗಲ ಪಾತ್ರೆಯನ್ನು ಮುಂದಿಟ್ಟು, "ಕೈ ಹಾಕಿ ಕಲಸಿ" ಅಂದರು. "ಚಮಚ?" ಅಂದೆ. "ಕೈಯಲ್ಲಿ ಕಲಸಿದ್ರೇ ಅದು ಏಳುದು ಮಾರಾಯ್ರೆ. ಚಮಚ ಹಾಕಿದ್ರೆ ಮಲಗಿಯೇ ಇರ್ತದೆ." ಮೊಳಕೈವರೆಗೆ ಹಾಕಿ ಕಲಸಿದೆ. ತಣ್ಣಗೆ, ಮೆತ್ತಗೆ. ನಂಬಿದರೆ ನಂಬಿ, ಕಣ್ಣು ಮರೆತದ್ದನ್ನು ಕೈ ಮರೆತಿರಲಿಲ್ಲ. ಅಂಚಿನ ಹಿಟ್ಟನ್ನು ನಡುವಿಗೆ ತಳ್ಳುವ ಅದೇ ಗತ್ತು ತಾನಾಗಿ ಬಂತು. ಸುನಂದಕ್ಕ ನೋಡುತ್ತ ನಿಂತಿದ್ದು, "ಹೋ, ಹಿಟ್ಟು ತಳ್ಳಿದವರೇ ಹೌದು" ಅಂದರು. ಅಷ್ಟು ಹೇಳಿದ್ದಕ್ಕೆ ನಾನು ಇನ್ನೂ ನಾಲ್ಕು ಸುತ್ತು ಕಲಸಿದೆ. ಬರುವಾಗ ಒಂದು ಪ್ಯಾಕೆಟ್ ಹಿಟ್ಟು ಕೊಟ್ಟರು. ಪ್ರತಿ ಸಲ ಬೇಡ ಅಂದಾಗಲೂ ಅವರು ಒಂದು ಪ್ಯಾಕೆಟ್ ಕೊಡುವ ಪದ್ಧತಿ ಇಟ್ಟುಕೊಂಡಿದ್ದರು. ನಮ್ಮ ಮನೆಯಲ್ಲಿ ಆ ಬೇಸಿಗೆ ದೋಸೆ, ಇಡ್ಲಿ, ಪಡ್ಡು ಬಿಟ್ಟರೆ ಬೇರೆ ತಿಂಡಿ ಆಗಲಿಲ್ಲ.

ಐದು, ಆರು, ಏಳೂ ಆದವು. ಎಂಟನೆಯದು ಬರೀ ಮೂರು ಚುಕ್ಕೆ. ಈಗಿನ ಕಾಲದ್ದು, ಎಳೆಯ ಕಣ್ಣಿನದು ಅಂತ ತೋರಿಸಿಕೊಳ್ಳುವ ಚಪಲದಿಂದ ಬರೆದದ್ದು. ಅದು ಹಿಟ್ಟಿನ ಹೆಬ್ಬೆರಳು ಒತ್ತಿಸಿಕೊಂಡು ವಾಪಸು ಬಂತು. ಜೊತೆಗೆ ಧ್ವನಿ: "ಇದು ಯಾರದ್ದೋ ಚಿತ್ರ. ನಿಮ್ಮದಲ್ಲ."

ನನಗೆ ಮೂಗಿನ ತುದಿಯಲ್ಲೇ ಕೋಪ. ಕಾಗದವನ್ನು ಮೇಜಿಗೆ ಬಡಿದು, "ಇವ್ರೇ ಬರ್ಕೊಳ್ಳಲಿ ಹಾಗಾದ್ರೆ! ದೋಸೆ ಹಿಟ್ಟು ಮಾರೋರಿಗೆ ಏನು ಗೊತ್ತು ಡಿಸೈನು" ಅಂತ ಕೂಗಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಂಜುಳಾ ಪೇಪರು ತಿದ್ದುವುದನ್ನು ನಿಲ್ಲಿಸಿ ನೋಡಿದಳು. ನಾನು ಬಾಲ್ಕನಿಗೆ ಹೋಗಿ ನಿಂತೆ. ಬೀರುವಿನ ಕಪ್ಪು ಪ್ಯಾಂಟು ನೆನಪಾಯಿತು. ಒಂದು ಲೋಟ ನೀರು ಕುಡಿದೆ. ಆಮೇಲೆ, ಬೇರೆ ಮಾಡಲು ಏನೂ ಇಲ್ಲದ್ದರಿಂದ, ಮತ್ತೆ ಬಂದು ಕೂತೆ.

ಎರಡು ದಿನ ಏನೂ ಹೊಳೆಯಲಿಲ್ಲ. ಮೂರನೇ ಬೆಳಿಗ್ಗೆ ಅಡುಗೆಮನೆಯಿಂದ ಮಂಜುಳಾಳ ಕೂಗು.

"ರೀ, ಬನ್ನಿ ಇಲ್ಲಿ! ನೋಡಿ ನಿಮ್ಮ ಸುನಂದಕ್ಕನ ಪ್ರತಾಪಾನ!"

ಮೇ ತಿಂಗಳ ಸೆಕೆ. ಹಿಟ್ಟನ್ನು ಚಿಕ್ಕ ಪಾತ್ರೆಗೆ ಸುರಿದು ಮುಚ್ಚಿಟ್ಟಿದ್ದಳು. ಅದು ಉಕ್ಕಿ ಮುಚ್ಚಳವನ್ನು ಎತ್ತಿ ಹಾಕಿತ್ತು. ಮುಚ್ಚಳ ಓರೆಯಾಗಿ ನಿಂತು ಸಂದಿನಿಂದ ಬೆಳ್ಳಗೆ ಹಿಟ್ಟು ಇಣುಕುತ್ತಿತ್ತು, ಸ್ವಲ್ಪ ಕಟ್ಟೆಯ ಮೇಲೂ ಇಳಿದಿತ್ತು. "ಬಟ್ಟೆ ತನ್ನಿ ಬೇಗ" ಅಂದಳು. ನಾನು ಓಡಿದೆ, ಓಡಿ ಬಂದೆ.

"ಬಟ್ಟೆ ತನ್ನಿ ಅಂದ್ರೆ ಪೆನ್ಸಿಲ್ ತಂದಿದೀರಲ್ಲ ಮಹಾನುಭಾವರು!"

"ಒರೆಸ್ಬೇಡ. ಎರಡೇ ನಿಮಿಷ ಒರೆಸ್ಬೇಡ ಮಾರಾಯ್ತಿ!"

ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು. ನಾನು ಬರೆದೆ. ಒಂದು ಪಾತ್ರೆ, ಓರೆಯಾಗಿ ಎದ್ದ ಮುಚ್ಚಳ, ನಡುವೆ ಬಿಳಿಯ ಒಂದು ಉಬ್ಬು. ಎಲೆ ಇಲ್ಲ, ಕಲ್ಲು ಇಲ್ಲ.

ಒಂಬತ್ತನೆಯದಕ್ಕೆ ಧ್ವನಿ ಬಂತು: "ಪಾತ್ರೆ ಸರಿ ಉಂಟು. ಆದ್ರೆ ಮುಚ್ಚಳ ಇಷ್ಟೊಂದು ಎತ್ತಿದ್ರೆ ಹಿಟ್ಟು ಹುಳಿಯಾಗಿದೆ ಅಂತ ಅರ್ಥ. ಯಾರು ತಕ್ಕೊಳ್ತಾರೆ? ಇಳಿಸಿ." ಇಳಿಸಿದೆ. ಹತ್ತನೆಯದಕ್ಕೆ: "ಈಗ ಚಳಿಗಾಲದ ಹಿಟ್ಟಾಯ್ತು. ಎದ್ದೇ ಇಲ್ಲ. ಎರಡು ಬೆರಳು ಎತ್ತಿ." ಎರಡು ಬೆರಳು! ಯಾವ ಕಂಪ್ಯೂಟರಿನಲ್ಲಿ ಬೆರಳಿನ ಅಳತೆ ಇದೆ? ಅಡುಗೆಮನೆಗೆ ಹೋಗಿ, ನಿಜವಾದ ಪಾತ್ರೆಯ ಮುಚ್ಚಳದ ಕೆಳಗೆ ನನ್ನದೇ ಎರಡು ಬೆರಳಿಟ್ಟು ನೋಡಿ ಬಂದು ಹನ್ನೊಂದನೆಯದನ್ನು ಬರೆದೆ.

ಅದಕ್ಕೆ ಧ್ವನಿಯೇ ಬರಲಿಲ್ಲ. ಒಂದು ದಿನ, ಎರಡು ದಿನ, ನಾಲ್ಕು ದಿನ. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಐದನೇ ದಿನ ಯಾರೋ ಅಪರಿಚಿತ ಫೋನು ಮಾಡಿ, ನಾವು ಪ್ಯಾಕೆಟ್ ಛಾಪಿಸುವವರು, ಪಾತ್ರೆಯ ಚಿತ್ರದ ಫೈಲು ಕಳಿಸಿ ಅಂದ. ನಾನು ದಡಬಡಿಸಿ ಸುನಂದಕ್ಕನಿಗೆ ಫೋನು ಮಾಡಿದೆ. "ಒಪ್ಪಿಗೆ ಆಯ್ತಾ? ಹೇಳ್ಲೇ ಇಲ್ಲ ನೀವು!"

"ಹೇಳುದೆಂಥ? ಉಪ್ಪು ಸರಿ ಇದ್ರೆ ಯಾರಾದ್ರೂ ಉಪ್ಪಿನ ಸುದ್ದಿ ಮಾತಾಡ್ತಾರಾ?" ಅಂದರು.

ಖುಷಿಯಾಯಿತೇ? ಅರ್ಧ ಆಯಿತು. ಇನ್ನರ್ಧ ಮನಸ್ಸು, ಪಾಪ ಕೆಲಸ ಕಳಕೊಂಡ ಮನುಷ್ಯ, ಹನ್ನೊಂದು ಸಲ ಬರೆದಿದ್ದಾನೆ, ಸಾಕು ಅಂತ ಕನಿಕರದಿಂದ ಒಪ್ಪಿದರೋ ಏನೋ ಅಂತ ಕೊರೆಯುತ್ತಲೇ ಇತ್ತು. ಜೂನ್ ಮುಗಿಯುತ್ತ ಬಂತು. ಭಾವ ಯಾಕೋ ಒಂದು ಫೋನೂ ಮಾಡಲಿಲ್ಲ. ದೊಡ್ಡ ಮನಸ್ಸಿನವರು, ಒತ್ತಾಯ ಮಾಡಬಾರದು ಅಂತ ಸುಮ್ಮನಿದ್ದಾರೆ ಅಂದುಕೊಂಡು, ಸೋಮವಾರ ನಾನೇ 'ಬರುತ್ತೇನೆ' ಅಂತ ತಿಳಿಸುವುದು ಎಂದು ಒಳಗೊಳಗೇ ತೀರ್ಮಾನ ಮಾಡಿದೆ.

ಶನಿವಾರ ಸಂಜೆ ಸ್ಟೇಷನ್ನಿನ ಹತ್ತಿರದ ಅಂಗಡಿಗೆ ಮೊಸರಿಗೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಹೆಂಗಸು, ನಾಲ್ಕು ಮನೆ ಕೆಲಸ ಮುಗಿಸಿ ಬಂದ ಸುಸ್ತು ಮುಖದಲ್ಲಿ ಕಾಣುತ್ತಿತ್ತು. ಅಂಗಡಿಯವನು ಫ್ರಿಜ್ಜಿನಿಂದ ಹಸಿರು ಎಲೆಯ ಪ್ಯಾಕೆಟ್ ತೆಗೆದು ಮುಂದಿಟ್ಟ. ಆಕೆ ಅದನ್ನು ವಾಪಸು ತಳ್ಳಿದಳು.

"ಹೇ ನಕೋ ಭಾವೂ. ತೇ ದ್ಯಾ ನಾ, ಝಾಕಣವಾಲಂ." ಇದು ಬೇಡ, ಆ ಮುಚ್ಚಳದ್ದು ಕೊಡಿ ಅಂತ.

"ಕೋಣತಂ?" ಯಾವುದದು ಅಂದ ಅಂಗಡಿಯವನು.

"ಅರೇ, ಜ್ಯಾಚಂ ಝಾಕಣ ವರ ಆಲಂಯ್, ತೇ!" ಅಂದಳು. ಮುಚ್ಚಳ ಮೇಲೆ ಬಂದಿದೆಯಲ್ಲ, ಅದು. ಹೇಳುತ್ತ ತನ್ನ ಎಡಗೈಯನ್ನು ಪಾತ್ರೆ ಮಾಡಿ, ಅದರ ಮೇಲೆ ಬಲಗೈಯನ್ನು ಓರೆಯಾಗಿ ಎತ್ತಿ ತೋರಿಸಿದಳು. ಸರಿಯಾಗಿ ಎರಡು ಬೆರಳು.

ಆಕೆಗೆ ನಾನು ಯಾರು ಅಂತ ಗೊತ್ತಿಲ್ಲ. ನನ್ನ ನೌಕರಿ ಹೋದದ್ದು ಗೊತ್ತಿಲ್ಲ. ನನ್ನ ಮೇಲೆ ಕನಿಕರ ತೋರಿಸಲು ಆಕೆಗೆ ಪುರಸೊತ್ತೂ ಇಲ್ಲ. ಪ್ಯಾಕೆಟ್ ಚೀಲಕ್ಕೆ ಹಾಕಿಕೊಂಡು ನಡೆದೇಬಿಟ್ಟಳು. ನಾನು ಮೊಸರು ಮರೆತೆ. ಅಂಗಡಿಯವನು "ಬೋಲಿಯೇ ಸಾಹಬ್" ಅಂದಾಗ ನನ್ನ ಬಾಯಿಯಿಂದಲೂ ಬಂದದ್ದು ಅದೇ, "ಝಾಕಣವಾಲಾ ದೇ ದೋ." ಕಣ್ಣು ತುಂಬಿಕೊಂಡು ಹಿಟ್ಟು ಕೊಳ್ಳುವ ಗಿರಾಕಿಯನ್ನು ಆತ ಅದೇ ಮೊದಲು ನೋಡಿದ್ದಿರಬೇಕು.

ಮನೆಗೆ ಬಂದೆ. ಮಂಜುಳಾ ನನ್ನ ಕೈಯಲ್ಲಿದ್ದುದನ್ನು ನೋಡಿ ಹಣೆ ಚಚ್ಚಿಕೊಂಡಳು. "ಫ್ರಿಜ್ಜಲ್ಲಿ ಆಗ್ಲೇ ಮೂರಿದೆ! ಮೊಸರೆಲ್ಲಿ?"

"ಇರ್ಲಿ ಬಿಡೆ." ಕುರ್ಚಿಯಲ್ಲಿ ಕೂತು ಉಸಿರು ಎಳೆದುಕೊಂಡೆ. "ನಿಮ್ಮಣ್ಣಂಗೆ ಫೋನ್ ಮಾಡ್ತೀನಿ. ಆ ಕೆಲಸಕ್ಕೆ ಬರಲ್ಲ ಅಂತ ಹೇಳ್ಬಿಡ್ತೀನಿ. ನಿಂಗೆ ಬೇಜಾರಾಗಬಹುದು, ಆದ್ರೂ..."

"ಈಗ್ಯಾಕೆ ಫೋನು? ಆ ಜಾಗಕ್ಕೆ ಯಾರೋ ಸೇರಿ ತಿಂಗಳಾಯ್ತು."

ನಾನು ಕುರ್ಚಿಯಿಂದ ಎದ್ದೆ. ಅವಳು ಪ್ಯಾಕೆಟ್ಟನ್ನು ಫ್ರಿಜ್ಜಿನೊಳಗೆ ತುರುಕಲು ಜಾಗ ಮಾಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

"ಆ ಎಂಟನೇದು ವಾಪಸ್ ಬಂತಲ್ಲ, ಅವತ್ತೇ ಅಣ್ಣಂಗೆ ಹೇಳಿದೆ, ಇವರು ಬರಲ್ಲ ಕಣೋ, ಬೇರೆಯೋರನ್ನ ನೋಡ್ಕೊಳ್ಳಿ ಅಂತ. ಅಷ್ಟು ಕೂಗಾಡಿ, ಬಾಲ್ಕನಿಗೆ ಹೋಗಿ, ಹತ್ತು ನಿಮಿಷಕ್ಕೆ ವಾಪಸ್ ಬಂದು ಪೆನ್ಸಿಲ್ ಹೆರಕೊಂಡು ಕೂತ್ರಿ. ಆಗ್ಲೇ ನಂಗೆ ಗೊತ್ತಾಯ್ತು, ಇವರು ಇನ್ನು ಎಲ್ಲಿಗೂ ಹೋಗಲ್ಲ ಅಂತ."